ಪ್ರಾಚೀನ ರೋಮಿನಲ್ಲಿ ಸರ್ಕಾರದ ಗುತ್ತಿಗೆಗಳು

ರಾಜ್ಯವು ತನಗೆ ಬೇಕಾದ ಪದಾರ್ಥಗಳನ್ನೂ ಕೆಲಸಗಳನ್ನೂ ಪ್ರಜೆಗಳಿಂದ ಬೆಲೆಕೊಟ್ಟು ಪಡೆಯುವ ಕ್ರಮವು ಬಹು ಪುರಾತನವಾದುದು. ಮಾರಾಟದಲ್ಲಿ ನಡೆಯುವ ಏರುಸವಾಲಿಗೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ನಿಯಮವುಂಟು. ಬೆಲೆಯನ್ನು ಮೂರು ಸಾರಿ ಕೂಗಬೇಕು. ಕೊಳ್ಳುವವರ ಸ್ಪರ್ಧೆಯಿಂದ ಬೆಲೆಯೇರಿದರೆ ಆ ಹೆಚ್ಚಳವು ಶುಲ್ಕಸಹಿತವಾಗಿ ಕೋಶಕ್ಕೆ ಸಲ್ಲಬೇಕು. ಕೊಳ್ಳುವವನು ಒಬ್ಬನೇ ಆಗಿ, ಒದಗಿಸುವವರು ಹಲವರಾದಾಗ ನಡೆಯುವ ಇಳಿಸವಾಲಿನ ಗುಣದೋಷಗಳನ್ನಾದರೋ ರೋಮಿನ ಗಣರಾಜ್ಯದ ಚರಿತ್ರೆಯು ವಿಶದವಾಗಿ ತೋರಿಸುತ್ತದೆ. ಬಹಿರಂಗ ಸವಾಲು, ಪರಿಮಿತ ಸವಾಲು, ಸವಾಲಿಲ್ಲದ ಒಡಂಬಡಿಕೆ ಎಂದು ಇಂದು ಎಣಿಸುವ ವಿಧಗಳೆಲ್ಲವೂ ಅಲ್ಲಿ ಕಾಣಬರುತ್ತವೆ.

ರೋಮಿನಲ್ಲಿ ಸೆನ್ಸಾರರೆಂಬ ಇಬ್ಬರು ಅಧಿಕಾರಿಗಳು ಸಾಮಾನ್ಯವಾಗಿ ಐದು ವರ್ಷಗಳಿಗೊಮ್ಮೆ ನೇಮಕವಾಗಿ, ಜನಗಣನೆಯೊಡನೆ ಗುತ್ತಿಗೆಗಳನ್ನೂ ವಿಲೇವಾರಿ ಮಾಡುತ್ತಿದ್ದರು. ಭರ್ಜಿಯನ್ನು ನೆಟ್ಟು ಬಹಿರಂಗವಾಗಿ ಸವಾಲು ನಡೆಸುವುದು ರೂಢಿ. ಆದುದರಿಂದ ಭರ್ಜಿ ಎಂಬ ಮಾತೇ ಅವರ ಭಾಷೆಯಲ್ಲಿ ಸವಾಲಿಗೆ ಹೆಸರಾಯಿತು. ಸುಂಕವೇ ಮೊದಲಾದ ಆದಾಯಗಳ ವಸೂಲಿಯು ಹೆಚ್ಚು ಹಣಕ್ಕೆ ಒಪ್ಪಿದವನಿಗೂ, ದೇವಾಲಯಗಳ ದುರಸ್ತಿಯೇ ಮೊದಲಾದ ಕೆಲಸಗಳು ಕಡಮೆ ಹಣಕ್ಕೆ ಒಪ್ಪಿದವನಿಗೂ ಸಲ್ಲುತ್ತಿದ್ದುವು. ಹೀಗೆ ಗುತ್ತಿಗೆ ಹಿಡಿದವರಿಗೆ ಪುಬ್ಲಿಕಾನಿಗಳೆಂದು ಹೆಸರು. ಇವರು ಹೊಣೆಗಾರರನ್ನೂ ಭೂಮಿಯನ್ನೂ ಜಾಮೀನಾಗಿ ತೋರಿಸಬೇಕಾಗಿತ್ತು.

ಕ್ರಿ. ಪೂ. 215ರಲ್ಲಿ ಈ ಕ್ರಮಕ್ಕೆ ಅವಕಾಶವಿಲ್ಲದೆ ಹೋಯಿತು. ಹಿಂದಿನ ವರ್ಷ ಕ್ಯಾನೆಯ ಯುದ್ಧದಲ್ಲಿ ಹ್ಯಾನಿಬಾಲನು ರೋಮಿನ ಸೈನ್ಯವನ್ನು ಧ್ವಂಸಮಾಡಿದ್ದನು. ಸ್ಪೇನಿನಲ್ಲಿ ಹೋರಾಡುತ್ತಿದ್ದ ಸಿಪಿಯೋ ಸಹೋದರರು, ಸೈನಿಕರಿಗೆ ಸಂಬಳವಿಲ್ಲ, ಬಟ್ಟೆಯಿಲ್ಲ, ಧಾನ್ಯವಿಲ್ಲವೆಂದು ಬರೆದರು. ಬೊಕ್ಕಸವು ಬರಿದಾಗಿತ್ತು. ಸರ್ಕಾರದ ಗುತ್ತಿಗೆಗಳಿಂದ ಐಶ್ವರ್ಯವಂತರಾದವರು ಈಗ ಕಡವಾಗಿ ಸರಬರಾಯಿ ಮಾಡಬೇಕೆಂದೂ, ಬೊಕ್ಕಸಕ್ಕೆ ಹಣ ಬಂದೊಡನೆ ಅವರಿಗೇ ಮೊದಲು ಸಲ್ಲುವುದೆಂದೂ ಪ್ರೇಟರ್ ಫುಲ್ವಿಯಸನು ಜನಸಭೆಯಲ್ಲಿ ಕೇಳಿಕೊಂಡನು. ನಿಗದಿಯಾದ ದಿನ 19 ಮಂದಿ ಮೂರು ಕೂಟಗಳಾಗಿ ಮುಂದೆ ಬಂದರು. ತಾವು ಈ ಕಾರ್ಯದಲ್ಲಿರುವವರೆಗೆ ಸೈನ್ಯಸೇವೆಯಿಂದ ವಿನಾಯಿತಿ ದೊರೆಯಬೇಕು, ಹಡಗಿಗೇರಿಸಿದ ಸರಕು ಶತ್ರುವಿನಿಂದಾಗಲಿ ಬಿರುಗಾಳಿಯಿಂದಾಗಲಿ ನಾಶವಾದರೆ ನಷ್ಟವನ್ನು ರಾಜ್ಯವೇ ಹೊರಬೇಕು ಎಂಬಿವು ಅವರ ಷರತ್ತುಗಳು. ಎರಡಕ್ಕೂ ಒಪ್ಪಿಗೆ ದೊರೆಯಿತು. ಇದು ಸವಾಲಲ್ಲ, ಅಗತ್ಯವು ಮಾಡಿಸಿದ ಒಡಂಬಡಿಕೆ. ಸರಬರಾಯಿಯು ಪ್ರಾಮಾಣಿಕವಾಗಿಯೇ ನಡೆದು, ಸೈನಿಕರಿಗೆ ಯಾವ ಕೊರತೆಯೂ ಆಗಲಿಲ್ಲವೆಂದು ಇತಿಹಾಸಕಾರನಾದ ಲಿವಿಯು ಹೊಗಳಿದ್ದಾನೆ.

ಆದರೆ ನಷ್ಟದ ಭಾರವು ರಾಜ್ಯದ ಮೇಲೆ ಬಿದ್ದುದೇ ವಂಚನೆಗೆ ದಾರಿಯಾಯಿತು. ಪೋಸ್ಟುಮಿಯಸ್ ಮತ್ತು ಪೊಂಪೋನಿಯಸ್ ಎಂಬ ಗುತ್ತಿಗೆದಾರರು ಹಳೆಯ ಮುರುಕು ಹಡಗುಗಳಲ್ಲಿ ಬೆಲೆಯಿಲ್ಲದ ಅಲ್ಪ ಸರಕನ್ನು ತುಂಬಿಸಿ, ನಾವಿಕರನ್ನು ದಾಟಿಸಲು ದೋಣಿಗಳನ್ನು ಸಿದ್ಧವಾಗಿಟ್ಟು, ನಡುಗಡಲಿನಲ್ಲಿ ಹಡಗುಗಳನ್ನು ಮುಳುಗಿಸಿದರು. ಬಹಳ ಸರಕು ಹೋಯಿತೆಂದು ಸುಳ್ಳು ಲೆಕ್ಕ ಒಪ್ಪಿಸಿದರು. ನಡೆಯದ ಹಡಗೊಡೆತಗಳನ್ನೂ ವರದಿಮಾಡಿದರು. ಕ್ರಿ. ಪೂ. 213ರಲ್ಲಿ ಈ ಸಂಗತಿಯು ಸೆನೆಟಿಗೆ ತಿಳಿದರೂ ಆ ಸಭೆಯು ಸುಮ್ಮನಿದ್ದಿತು. ಅಂಥ ಕಾಲದಲ್ಲಿ ಪುಬ್ಲಿಕಾನಿಗಳ ವರ್ಗವನ್ನು ಕೆರಳಿಸಲು ಅದಕ್ಕೆ ಧೈರ್ಯವಿರಲಿಲ್ಲ. ಮರುವರ್ಷ ಇಬ್ಬರು ಟ್ರಿಬ್ಯೂನರು ಪೋಸ್ಟುಮಿಯಸನಿಗೆ 2,00,000 ಆಸ್ ನಾಣ್ಯಗಳ ದಂಡವನ್ನು ಸೂಚಿಸಿದರು. ಪುಬ್ಲಿಕಾನಿಗಳು ಗುಂಪುಕಟ್ಟಿ ಜನಸಭೆಯನ್ನೇ ಕೆಡಿಸಿದರು. ಬಳಿಕ ಆರೋಪವು ಇನ್ನೂ ಕಠಿನವಾಯಿತು. ವಿಚಾರಣೆಗೆ ಬಾರದ ಪೋಸ್ಟುಮಿಯಸನಿಗೆ ಬಹಿಷ್ಕಾರವಾಯಿತು.

ಸ್ಪರ್ಧೆಯನ್ನು ಬಿಗಿಗೊಳಿಸಿದರೆ ದೋಷವು ನೀಗುವುದೇ ಎಂಬ ಪ್ರಶ್ನೆಗೆ ಕ್ರಿ. ಪೂ. 184ರ ಸಂಗತಿಯು ನಿದರ್ಶನ. ಆಗ ಸೆನ್ಸಾರರಾಗಿದ್ದ ಕೇಟೋ ಮತ್ತು ವಲೇರಿಯಸ್ ಫ್ಲಾಕಸರು ಆದಾಯಗಳನ್ನು ಅತ್ಯಧಿಕ ಬೆಲೆಗೂ ಕೆಲಸಗಳನ್ನು ಅತ್ಯಲ್ಪ ಬೆಲೆಗೂ ಗೊತ್ತುಮಾಡಿದರು. ಪುಬ್ಲಿಕಾನಿಗಳ ಕಣ್ಣೀರಿಗೆ ಕರಗಿದ ಸೆನೆಟು ಅವೆಲ್ಲವನ್ನೂ ರದ್ದುಗೊಳಿಸಿ, ಮರುಸವಾಲಿಗೆ ಅಪ್ಪಣೆಮಾಡಿತು. ಸೆನ್ಸಾರರು ಅಪ್ಪಣೆಯನ್ನು ಪಾಲಿಸಿದರಾದರೂ, ಮೊದಲಿನ ಸವಾಲನ್ನು ಹಗುರಮಾಡಿದವರು ಭರ್ಜಿಯ ಬಳಿಗೆ ಬರಕೂಡದೆಂದು ಸಾರಿ, ಬೆಲೆಯನ್ನು ಸ್ವಲ್ಪ ಮಾತ್ರ ಸಡಿಲಿಸಿ, ಎಲ್ಲವನ್ನೂ ಇತರರಿಗೆ ವಹಿಸಿದರು. ಇದೇ ಪರಿಮಿತ ಸವಾಲು. ಅನ್ಯರು ದೊರೆತುದರಿಂದಲೇ ಇದು ಸಾಧ್ಯವಾಯಿತೆಂಬುದನ್ನು ಮರೆಯಲಾಗದು.

ನೇಪಲ್ಸಿನ ಬಳಿಯ ಪುಟಿಯೋಲಿ ಪಟ್ಟಣದ ಕ್ರಿ. ಪೂ. 105ರ ಶಾಸನವೊಂದು ಬೇರೊಂದು ಉಪಾಯವನ್ನು ತೋರಿಸುತ್ತದೆ. ಸೆರಾಪಿಸ್ ದೇವಾಲಯದ ಮುಂದಣ ಗೋಡೆಯ ಕೆಲಸಕ್ಕೆ 1,500 ಸೆಸ್ಟರ್ಸ್‌ಗಳ ಗುತ್ತಿಗೆಯದು. ಗಾರೆಯಲ್ಲಿ ಸುಣ್ಣದ ಪಾಲೆಷ್ಟು, ಕಲ್ಲಿನ ತೂಕವೆಷ್ಟು ಎಂಬುದೂ ಅದರಲ್ಲಿ ವಿಧಿತವಾಗಿದೆ. ಭೂಮಿಯ ಜಾಮೀನು ದಾಖಲಾದಾಗ ಅರ್ಧ ಹಣ. ಕೆಲಸ ಮುಗಿದು ಒಪ್ಪಿತವಾದಾಗ ಉಳಿದರ್ಧ. ಒಪ್ಪುವವರು ಪಟ್ಟಣದ ಹಿರಿಯ ಅಧಿಕಾರಿಗಳು. ಅವರಲ್ಲಿ 20 ಮಂದಿಗೆ ಕಡಮೆಯಿಲ್ಲದೆ ನೆರೆದು, ಪ್ರಮಾಣಪೂರ್ವಕವಾಗಿ ತೀರ್ಮಾನಿಸಬೇಕು.

ಸೈನ್ಯದ ಸರಬರಾಯಿಯು ಬಹು ದೊಡ್ಡದು, ಗೋಡೆಯು ಬಹು ಚಿಕ್ಕದು. ಆದರೂ ಎರಡನ್ನೂ ಹೋಲಿಸಿದರೆ ಒಂದು ತತ್ತ್ವವು ಸ್ಪಷ್ಟವಾಗುತ್ತದೆ. ಸವಾಲಿನ ವಿಧವು ಬೆಲೆಯನ್ನು ಮಾತ್ರ ಗೊತ್ತುಮಾಡಬಲ್ಲುದು. ನಷ್ಟವನ್ನು ಹೊರುವವನಾರು, ಕೆಲಸವನ್ನು ಪರೀಕ್ಷಿಸುವವನಾರು, ತಪ್ಪಿದವನನ್ನು ಬಿಟ್ಟು ಮತ್ತೊಬ್ಬನನ್ನು ಕರೆಯುವ ಶಕ್ತಿ ರಾಜ್ಯಕ್ಕುಂಟೇ ಎಂಬ ಮೂರು ಪ್ರಶ್ನೆಗಳ ಮೇಲೆಯೇ ಗುತ್ತಿಗೆಯ ಸಾಫಲ್ಯವು ನಿಂತಿರುತ್ತದೆ. ಕ್ರಿ. ಪೂ. 213ರ ಸೆನೆಟು ಅಪರಾಧವನ್ನು ಅರಿತೂ ಮೌನವಾಗಿದ್ದುದು ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದುದರಿಂದಲೇ.