ಕಡತದಿಂದ ಡಿಸ್ಕಿಗೆ ಬಂದ ಜಮೀನಿನ ಲೆಕ್ಕ

ಕಡೂರು ತಾಲ್ಲೂಕಿನ ಯಗಟಿ ಹೋಬಳಿಯಲ್ಲಿ ರಾಗಿ ಹೊಲವನ್ನೋ ತೆಂಗಿನ ತೋಟವನ್ನೋ ನಂಬಿಕೊಂಡ ರೈತ ಬ್ಯಾಂಕಿನ ಸಾಲಕ್ಕೆ ಹೋದರೂ, ಬೆಳೆ ವಿಮೆಗೆ ಅರ್ಜಿ ಹಾಕಿದರೂ, ಅಣ್ಣತಮ್ಮಂದಿರ ಪಾಲಿಗೆ ಕೂತರೂ ಮೊದಲು ಕೇಳುವುದು ಪಹಣಿಯನ್ನು. ಸರ್ವೆ ನಂಬರು, ಹಿಸ್ಸಾ, ಖರಾಬು, ಕಂದಾಯ, ಕಬ್ಜೆದಾರರ ಹೆಸರು, ಜಮೀನಿನ ಮೇಲಿನ ಋಣ, ಬೆಳೆದ ಬೆಳೆ ಎಲ್ಲವೂ ಆ ಒಂದು ಹಾಳೆಯಲ್ಲಿರುತ್ತವೆ. ಇನ್ನೂರು ವರ್ಷಗಳಲ್ಲಿ ಈ ಬಗೆಯ ಲೆಕ್ಕ ಬಟ್ಟೆಯಿಂದ ಕಾಗದಕ್ಕೆ, ಕಾಗದದಿಂದ ತಾಲ್ಲೂಕು ಕಚೇರಿಯ ಸರ್ವರಿಗೆ, ಅಲ್ಲಿಂದ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಜಾಗ ಬದಲಿಸಿದೆ. ನಕಲು ಸರಿಯಾಗಿದೆಯೇ ಎಂದು ನೋಡುವವರು ಯಾರು, ಹಳೆಯದನ್ನು ಎಲ್ಲಿಯವರೆಗೆ ಉಳಿಸಿಕೊಳ್ಳಬೇಕು ಎಂಬ ಎರಡು ಪ್ರಶ್ನೆಗಳು ಪ್ರತಿ ಬದಲಾವಣೆಯಲ್ಲೂ ಎದ್ದಿವೆ.

ಮೈಸೂರು ಸೀಮೆಯ ಶಾನುಭೋಗರು ಕಾಗದಕ್ಕೂ ಮೊದಲು ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. 19ನೇ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಅದರ ವಿವರವನ್ನು ತನ್ನ ಇತಿಹಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿ ಅಗಲ, 12ರಿಂದ 18 ಅಡಿ ಉದ್ದದ ಹತ್ತಿ ಬಟ್ಟೆಗೆ ಅಂಟು ಮತ್ತು ಇದ್ದಿಲ ಪುಡಿಯನ್ನು ಎರಡೂ ಬದಿಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಇಡುತ್ತಿದ್ದರು. ಕಪ್ಪು ಹಿನ್ನೆಲೆಯ ಮೇಲೆ ಬಳಪದಿಂದ ಬರೆದರೆ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತಿತ್ತು. ಬೇಡವಾದಾಗ ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಿತ್ತು. ಅನುಕೂಲವೂ ಅದೇ, ಅಪಾಯವೂ ಅದೇ. ಒರೆಸಿದ ಸಾಲು ಏನೆಂದು ಆಮೇಲೆ ತಿಳಿಯುವಂತಿರಲಿಲ್ಲ.

1863ರಲ್ಲಿ ಮೈಸೂರಿನಲ್ಲಿ ಬೊಂಬಾಯಿ ಮಾದರಿಯ ಕಂದಾಯ ಸರ್ವೆ ಶುರುವಾದ ಮೇಲೆ ಪ್ರತಿ ಹೊಲಕ್ಕೂ ನಂಬರು, ನಕಾಶೆ, ವಿಸ್ತೀರ್ಣ ಬಂದವು. ಯಗಟಿ ಆಗ ಕಡೂರು ಜಿಲ್ಲೆಯ ಊರು. ಇಡೀ ಜಿಲ್ಲೆಗೆ ಕಡೂರಿನ ಹೆಸರು 1947ರವರೆಗೂ ಇದ್ದು, ಆಮೇಲೆ ಚಿಕ್ಕಮಗಳೂರು ಜಿಲ್ಲೆಯಾಯಿತು. ಲೆಕ್ಕ ಕಾಗದಕ್ಕೆ ಬಂದರೂ ಅದನ್ನು ಇಡುವವರು ವಂಶಪಾರಂಪರ್ಯದ ಶಾನುಭೋಗರೇ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗ ಆ ಅಧಿಕಾರ ಕೊನೆಗೊಂಡು, ಪುಸ್ತಕಗಳು ಸರ್ಕಾರಿ ನೌಕರರಾದ ಗ್ರಾಮ ಲೆಕ್ಕಿಗರ ಕೈಗೆ ಬಂದವು. 1964ರ ಭೂಕಂದಾಯ ಕಾಯ್ದೆ ಮತ್ತು ಅದರ ನಿಯಮಗಳು ಇಂದಿನ ಪಹಣಿಯ ನಮೂನೆಯನ್ನು ಗಟ್ಟಿ ಮಾಡಿದವು.

ಗ್ರಾಮ ಲೆಕ್ಕಿಗರ ಕಾಲದಲ್ಲಿ ಪುಸ್ತಕ ತುಂಬಿದಂತೆಲ್ಲ ಹೊಸದಕ್ಕೆ ಕೈಯಿಂದಲೇ ನಕಲು ಇಳಿಸಬೇಕಿತ್ತು. ಹೀಗೆ ಇಳಿಸುವಾಗ ಗುಂಟೆಯ ಅಂಕಿ ಅತ್ತಿತ್ತ ಆಗುತ್ತಿತ್ತು, ತಂದೆಯ ಹೆಸರು ಬಿಟ್ಟುಹೋಗುತ್ತಿತ್ತು, ಪಾಲಾದ ಮೇಲೂ ಹಳೆಯ ಹೆಸರೇ ಉಳಿದುಬಿಡುತ್ತಿತ್ತು. ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಬಳಿ ಹಂಚಿಹೋಗಿದ್ದ ಈ ಪುಸ್ತಕಗಳನ್ನು ರೈತ ಸ್ವತಃ ತೆರೆದು ನೋಡುವುದು ಸುಲಭವಿರಲಿಲ್ಲ. ಒಂದು ನಕಲಿಗಾಗಿ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯಬೇಕಾಗುತ್ತಿತ್ತು, ಕೈ ಬಿಸಿ ಮಾಡಬೇಕಾಗುತ್ತಿತ್ತು.

ಭೂದಾಖಲೆಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರದ ಯೋಜನೆ ಬಂದದ್ದು 1988–89ರಲ್ಲಿ. ಕರ್ನಾಟಕದ ಮೊದಲ ಪ್ರಯೋಗ 1991ರಲ್ಲಿ ಗುಲ್ಬರ್ಗ ಜಿಲ್ಲೆಯಲ್ಲಿ ನಡೆಯಿತು. ಅದು ಮುಂದೆ ಸಾಗಲಿಲ್ಲ. ಪಹಣಿ ಹುಟ್ಟುವುದು, ಬದಲಾಗುವುದು ತಾಲ್ಲೂಕಿನಲ್ಲಿ. ಅಲ್ಲೇ ಕಂಪ್ಯೂಟರ್ ಇಡಲು ವ್ಯವಸ್ಥೆ ಇರಲಿಲ್ಲ. ಕೈಬರಹದ ಪುಸ್ತಕವೂ ಜೊತೆಜೊತೆಗೇ ಚಾಲ್ತಿಯಲ್ಲಿದ್ದುದರಿಂದ ಕಂಪ್ಯೂಟರಿನ ಪ್ರತಿ ಬಹುಬೇಗ ಹಳಸಿಹೋಗುತ್ತಿತ್ತು.

ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ನಡೆದ 'ಭೂಮಿ' ಯೋಜನೆ ಈ ಗಂಟನ್ನು ಬಿಚ್ಚಿತು. ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ತಂತ್ರಾಂಶ ಬರೆಯಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು 177 ತಾಲ್ಲೂಕುಗಳ ಕಂಪ್ಯೂಟರಿಗೆ ಬಂದವು. ಒಂದು ತಾಲ್ಲೂಕಿನಲ್ಲಿ ಭೂಮಿ ಕೇಂದ್ರ ತೆರೆಯುತ್ತಿದ್ದಂತೆ ಅಲ್ಲಿನ ಕೈಬರಹದ ಪಹಣಿ ಅಮಾನ್ಯವಾಗುತ್ತಿತ್ತು. ಯಗಟಿಯವರು ಕಡೂರಿನ ತಾಲ್ಲೂಕು ಕಚೇರಿಗೆ ಹೋಗಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಸಿಗುವ ಕಾಲ ಬಂತು.

ಭೂಮಿ ಕೌಂಟರಿನ ವಿನ್ಯಾಸದಲ್ಲೇ ಕಾಳಜಿ ಇತ್ತು. ಆಪರೇಟರ್ ನೋಡುವ ತೆರೆಯಲ್ಲದೆ ಇನ್ನೊಂದು ತೆರೆ ರೈತನ ಕಡೆಗೆ ಮುಖ ಮಾಡಿರುತ್ತಿತ್ತು. ತನ್ನ ಜಮೀನಿನ ಮೇಲೆ ಏನು ಟೈಪಾಗುತ್ತಿದೆ ಎಂದು ಅವನೇ ನೋಡಬಹುದಿತ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು, ಹಾಗಾಗಿ ಯಾವ ಬದಲಾವಣೆ ಯಾರದೆಂಬುದು ಉಳಿಯುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಸಾಗಬೇಕಿತ್ತು. ಕಡತದಲ್ಲಿ ಒರೆಸಿದರೆ ಗುರುತೇ ಉಳಿಯುತ್ತಿರಲಿಲ್ಲ. ಇಲ್ಲಿ ಒರೆಸಿದವರ ಗುರುತೂ ದಾಖಲೆಯ ಭಾಗವಾಯಿತು.

ಆದರೆ ಭೂಮಿ ಹೊಸದಾಗಿ ಅಳತೆ ಮಾಡಿ ಶುರುವಾದ ಯೋಜನೆಯಲ್ಲ. ಪುಸ್ತಕದಲ್ಲಿ ಏನಿತ್ತೋ ಅದನ್ನು ಇದ್ದ ಹಾಗೇ ಇಳಿಸಿಕೊಂಡು, ತಪ್ಪುಗಳನ್ನು ಕಾನೂನಿನ ಪ್ರಕಾರ ಆಮೇಲೆ ತಿದ್ದುವುದೆಂದು ತೀರ್ಮಾನವಾಗಿತ್ತು. ಪರಿಣಾಮ ಇಂದಿಗೂ ಪಹಣಿಯ ಮೇಲೆಯೇ ಕಾಣುತ್ತದೆ. ಕಲಂ 3ರಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಕಲಂ 9ರಲ್ಲಿ ಕಬ್ಜೆದಾರರ ಹೆಸರಿನ ಮುಂದೆ ಅವರವರ ವಿಸ್ತೀರ್ಣ ಇರುತ್ತದೆ. 40 ಗುಂಟೆಗೆ ಒಂದು ಎಕರೆಯ ಲೆಕ್ಕದಲ್ಲಿ ಕಲಂ 9ರ ಪಾಲುಗಳನ್ನು ಕೂಡಿದರೆ, ಸಾಗುವಳಿಗೆ ಬಾರದ ಖರಾಬು ಕಳೆದ ಕಲಂ 3ಕ್ಕೆ ತಾಳೆಯಾಗಬೇಕು. ಅನೇಕ ಪಹಣಿಗಳಲ್ಲಿ ತಾಳೆಯಾಗುವುದಿಲ್ಲ. ತಾಳೆಯಾಗದಿದ್ದರೆ ಸರ್ವೆ ನಂಬರನ್ನು ಪಾಲುವಾರು ಒಡೆಯುವ ಪೋಡಿ ಆಗದು, ಖಾತೆ ಬದಲಾಗದು. ಇದು ಕಂಪ್ಯೂಟರ್ ಹುಟ್ಟುಹಾಕಿದ ತಪ್ಪೇ ಆಗಬೇಕೆಂದಿಲ್ಲ. ಲೆಕ್ಕಿಗರ ಪುಸ್ತಕದಲ್ಲಿ ಮಲಗಿದ್ದ ತಪ್ಪು ಕಂಪ್ಯೂಟರಿನ ಕೂಡಿಕೆಯಲ್ಲಿ ಎದ್ದು ಕೂತದ್ದೂ ಇರಬಹುದು.

ನಕಲು ಮೂಲದ ತಪ್ಪನ್ನೂ ಹೊತ್ತು ತರುತ್ತದೆ ಎಂಬ ಇದೇ ನಿಯಮ ಇಂದು ಜೆರಾಕ್ಸ್ ಅಂಗಡಿಗಳ, ಸೇವಾ ಕೇಂದ್ರಗಳ ಹಳೆಯ ಕಂಪ್ಯೂಟರುಗಳಿಗೂ ಅನ್ವಯಿಸುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ನಿಧಾನವಾದಾಗ ವಿಂಡೋಸನ್ನು ಹೊಸದಾಗಿ ಹಾಕುವ ಬದಲು ಪ್ರಿಂಟರ್, ಕನ್ನಡ ಟೈಪಿಂಗಿನ ನುಡಿ, ಬೆರಳಚ್ಚು ಸಾಧನದ ಡ್ರೈವರ್ ಸಮೇತ ದೊಡ್ಡ ಎಸ್‌ಎಸ್‌ಡಿಗೆ ಕ್ಲೋನ್ (ಇಡೀ ಡಿಸ್ಕಿನ ಯಥಾವತ್ ನಕಲು) ಮಾಡಿಸುವವರುಂಟು. ಈ ಕೆಲಸವನ್ನು ಜನಪ್ರಿಯಗೊಳಿಸಿದ ಘೋಸ್ಟ್ ತಂತ್ರಾಂಶ 1990ರ ದಶಕದ ನ್ಯೂಜಿಲೆಂಡಿನದು. ಎಸ್‌ಎಸ್‌ಡಿಯ ಒಳಗಿನ ನ್ಯಾಂಡ್ ಫ್ಲ್ಯಾಶ್ 1987ರಲ್ಲಿ ಜಪಾನಿನ ತೊಷಿಬಾದಿಂದ ಹೊರಬಂದದ್ದು. ಕ್ಲೋನ್ ಹಳೆಯ ಡಿಸ್ಕಿನ ವಿಭಾಗಗಳನ್ನು ಸಾಮಾನ್ಯವಾಗಿ ಅದೇ ಕ್ರಮದಲ್ಲಿ ಇಳಿಸುತ್ತದೆ. 250 ಜಿಬಿಯಿಂದ 500 ಜಿಬಿಗೆ ಹೋದರೂ ಸಿ ಡ್ರೈವ್ ಎಷ್ಟೋ ಸಲ ಹಿಂದಿನಷ್ಟೇ ಇರುತ್ತದೆ. ಖಾಲಿ ಜಾಗ ರಿಕವರಿ ವಿಭಾಗದ ಆಚೆ ಸಿಕ್ಕಿಕೊಳ್ಳುತ್ತದೆ. ಆ ವಿಭಾಗವನ್ನು ಕೊನೆಗೆ ಸರಿಸಿದ ಮೇಲೆಯೇ ಸಿ ಹಿಗ್ಗುವುದು. ಹಳೆಯ ಡಿಸ್ಕಿನಲ್ಲಿ ಕೆಟ್ಟಿದ್ದ ಫೈಲು ಹೊಸದರಲ್ಲೂ ಕೆಟ್ಟೇ ಇರುತ್ತದೆ. ಹೊಸ ಡಿಸ್ಕ್ ಒಂದರಿಂದಲೇ ಕಂಪ್ಯೂಟರ್ ಶುರುವಾಗಿ, ಪ್ರಿಂಟು ಬಂದು, ಫೈಲುಗಳನ್ನು ತೆರೆದು ನೋಡಿದ ಮೇಲೆಯೇ ಹಳೆಯದನ್ನು ಅಳಿಸಬೇಕು ಎಂದು ಬಲ್ಲ ಮೆಕ್ಯಾನಿಕ್‌ಗಳು ಹೇಳುವುದು ಇದಕ್ಕೇ.

ಎಸ್‌ಎಸ್‌ಡಿಯೂ ಶಾಶ್ವತ ನೆಲೆಯಲ್ಲ. ಅದರ ಕಣಗಳಲ್ಲಿ ಮಾಹಿತಿ ನಿಲ್ಲುವುದು ಹಿಡಿದಿಟ್ಟ ವಿದ್ಯುದಾವೇಶದಿಂದ. ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿ ಬಿಟ್ಟರೆ ಆ ಆವೇಶ ಸೋರುತ್ತದೆ. ಆದ್ದರಿಂದ ದಾಖಲೆಯನ್ನು ಆಗಾಗ ಹೊಸ ಡಿಸ್ಕಿಗೆ ಎತ್ತಿ ಇಡುತ್ತಲೇ ಇರಬೇಕು, ಪ್ರತಿ ಸಲವೂ ತಾಳೆ ನೋಡಬೇಕು.

ತಾಳೆ ನೋಡಲು ಮೂಲ ಬೇಕು. ಕಲಂ 3 ಮತ್ತು 9ರ ವ್ಯತ್ಯಾಸ ಸರಿಪಡಿಸುವ ಅರ್ಜಿ ಬಂದಾಗ ಕಂದಾಯ ಸಿಬ್ಬಂದಿ ಕೊನೆಗೆ ತೆರೆಯುವುದು ಕೈಬರಹದ ಹಳೆಯ ಪಹಣಿ, ಮ್ಯುಟೇಶನ್ ರಿಜಿಸ್ಟರ್ ಮತ್ತು ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದ ಆಕಾರ್‌ಬಂದ್ ಪುಸ್ತಕಗಳನ್ನೇ. ಆ ಹಾಳೆಗಳು ಮುಟ್ಟಿದರೆ ಮುರಿಯುವ ಸ್ಥಿತಿಗೆ ಬರುತ್ತಿವೆ. ಅವನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಲು ಕಂದಾಯ ಇಲಾಖೆ 2024ರಲ್ಲಿ ಭೂ ಸುರಕ್ಷಾ ಯೋಜನೆ ಕೈಗೆತ್ತಿಕೊಂಡಿದೆ. ಭೂಮಿಯಲ್ಲಿ ಸಾಲುಗಳನ್ನು ಓದಿ ಟೈಪು ಮಾಡಲಾಗಿತ್ತು. ಇಲ್ಲಿ ಬರಹದ ಚಿತ್ರವೇ, ತಿದ್ದಿದ ಗೀಟು, ಸಹಿ, ಅಂಚಿನ ಷರಾ ಸಮೇತ ಉಳಿಯುತ್ತದೆ. ಆ ಚಿತ್ರ ಯಗಟಿಯ ರೈತನಿಗೆ ತನ್ನ ಹೋಬಳಿಯ ನಾಡಕಚೇರಿಯಲ್ಲೇ ನೋಡಲು ಸಿಗಬೇಕು, ಸ್ಕ್ಯಾನ್ ಆದ ಮೇಲೂ ಮೂಲ ಪುಸ್ತಕಗಳು ರೆಕಾರ್ಡ್ ರೂಮಿನಲ್ಲಿ ಒಣ ಜಾಗದಲ್ಲಿ ಉಳಿಯಬೇಕು.