ಕೂಲಿಯೋ, ಪಾಲೋ? – ಹಾಡಿನ ತಟ್ಟೆಯ ಹಳೆಯ ವ್ಯಾಜ್ಯ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಒಕ್ಕಲುತನ ಮಾಡುವವರಿಗೆ ಕೂಲಿ ಎಂದರೇನು, ಪಾಲು ಎಂದರೇನು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೂಲಿಗೆ ಹೋದವನು ದಿನದ ದುಡ್ಡನ್ನು ಎಣಿಸಿಕೊಂಡು ಸಂಜೆಗೆ ಮನೆಗೆ ನಡೆಯುತ್ತಾನೆ. ಜೋಳ ಚೆನ್ನಾಗಿ ಬಂದರೂ ಅವನಿಗೆ ಅಷ್ಟೇ, ಬಾರದಿದ್ದರೂ ಅಷ್ಟೇ. ಪಾಲಿಗೆ ಮಾಡಿದವನು ರಾಶಿಯ ದಿನದವರೆಗೆ ಕಾಯುತ್ತಾನೆ. ಮಳೆ ಹೋದರೆ ನಷ್ಟ ಅವನಿಗೂ ಉಂಟು, ಕಣ ತುಂಬಿದರೆ ಲಾಭ ಅವನಿಗೂ ಉಂಟು. ಎರಡೂ ನ್ಯಾಯವಾದ ಏರ್ಪಾಡುಗಳೇ. ಆದರೆ ಯಾವುದೆಂಬುದನ್ನು ಬಿತ್ತುವ ಮೊದಲೇ ಮಾತಾಡಿಕೊಂಡಿರಬೇಕು. ಹಾಡುವವರ ಲೋಕದಲ್ಲಿ ಈ ಮಾತು ಸರಿಯಾಗಿ ಆಗದೆಹೋದುದರಿಂದ ನೂರು ವರ್ಷಕ್ಕೂ ಮಿಕ್ಕಿ ಒಂದು ವ್ಯಾಜ್ಯ ನಡೆದುಬಂದಿದೆ. ಅದರ ಕಥೆ ಕೇಳತಕ್ಕದ್ದಾಗಿದೆ.

ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನ ಊರು. ಆತ ಶರಣನಾಗಿದ್ದಂತೆಯೇ ನೇಕಾರನೂ ಆಗಿದ್ದ. ನೇಕಾರನು ಒಂದು ಬಟ್ಟೆಯನ್ನು ಒಬ್ಬನಿಗೆ ಒಮ್ಮೆಯೇ ಮಾರಬಲ್ಲ. ಮಾರಿದ ಮೇಲೆ ಅದು ಕೊಂಡವನ ಮೈಮೇಲಿರುತ್ತದೆ. ಆದ್ದರಿಂದ ಒಂದು ಬಟ್ಟೆಗೆ ಒಂದು ಬೆಲೆ, ಅಲ್ಲಿಗೆ ಲೆಕ್ಕ ಚುಕ್ತಾ. ಹಾಡೂ ಶತಮಾನಗಳ ಕಾಲ ಹೀಗೆಯೇ ಇತ್ತು. ಹಾಡುಗಾರ ಹಾಡಿದ, ಸಭೆ ಕೇಳಿತು, ಧಣಿ ಶಾಲು ಹೊದಿಸಿದ. ಹಾಡು ಗಾಳಿಯಲ್ಲಿ ಕರಗಿತು. ಮರುದಿನ ಬೇಕೆಂದರೆ ಅವನನ್ನೇ ಮತ್ತೆ ಕರೆಯಬೇಕು, ಮತ್ತೆ ಕೊಡಬೇಕು. ಧ್ವನಿಯನ್ನು ತಟ್ಟೆಯ ಮೇಲೆ ಹಿಡಿದಿಡುವ ಯಂತ್ರ ಬಂದ ದಿನ ಈ ಲೆಕ್ಕ ತಪ್ಪಿತು. ಒಮ್ಮೆ ಹಾಡಿದ್ದನ್ನು ಲಕ್ಷ ಸಲ ಮಾರಬಹುದು. ಹಾಡಿದವರು ಕಣ್ಮರೆಯಾದ ಮೇಲೂ ಮಾರಬಹುದು. ಹಾಗಾದರೆ ಮೊದಲ ದಿನ ಕೊಟ್ಟ ಹಣ ಏನು? ಕೂಲಿಯೇ? ಇಲ್ಲವೆ, ಮುಂದೆ ಬರುವ ಪಾಲಿನ ಮುಂಗಡವೇ?

ನಮ್ಮ ದೇಶದಲ್ಲಿ ಈ ಪ್ರಶ್ನೆ ಹುಟ್ಟಿದ್ದು ೧೯೦೨ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಲಂಡನ್ನಿನ ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಯಂತ್ರಸಮೇತ ಬಂದಿಳಿದು, ನಗರದ ಗಾಯಕಿಯರ ಕಂಠವನ್ನು ಮೇಣದ ತಟ್ಟೆಗಳಲ್ಲಿ ಹಿಡಿದ. ಅವರಲ್ಲಿ ಎಲ್ಲರಿಗಿಂತ ಹೆಸರಾದವಳು ಗೌಹರ್ ಜಾನ್. ಮೂರು ನಿಮಿಷಗಳ ಚೌಕಟ್ಟಿನಲ್ಲಿ ರಾಗವನ್ನು ತುಂಬಿ, ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಆಕೆ ಕೂಗಿ ಹೇಳುತ್ತಿದ್ದಳು. ಇದು ಬಿಂಕದ ಮಾತಲ್ಲ. ಮೇಣದ ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗಿ ಬರಬೇಕಾಗಿತ್ತು. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಲು ಬೇರೆ ದಾರಿಯಿರಲಿಲ್ಲ. ತಟ್ಟೆಗಳು ದೇಶದಲ್ಲೆಲ್ಲ ಹರಡಿದವು. ಬೇಡಿಕೆ ಎಷ್ಟು ಬೆಳೆಯಿತೆಂದರೆ ೧೯೦೮ರಲ್ಲಿ ಕಂಪನಿ ಕಲ್ಕತ್ತೆಯಲ್ಲೇ ಕಾರ್ಖಾನೆ ತೆರೆಯಿತು. ಗೌಹರ್ ಜಾನಳ ಚಿತ್ರ ಬೆಂಕಿಪೆಟ್ಟಿಗೆಯ ಮೇಲೂ ಬಂತು.

ಈ ಗಾಯಕಿಯ ಕಥೆ ಮುಗಿದದ್ದು ನಮ್ಮ ನೆಲದಲ್ಲಿ. ಗಳಿಸಿದ ಸಂಪತ್ತು ಕೋರ್ಟಿನ ವ್ಯಾಜ್ಯಗಳಲ್ಲಿ ಕರಗಿಹೋಗಿ, ಊರಿಂದೂರಿಗೆ ಅಲೆದು, ೧೯೨೮ರಲ್ಲಿ ಆಕೆ ಮೈಸೂರಿಗೆ ಬಂದಳು. ನಾಲ್ವಡಿ ಕೃಷ್ಣರಾಜ ಒಡೆಯರು ತಿಂಗಳಿಗೆ ೫೦೦ ರೂಪಾಯಿ ಸಂಬಳದ ಮೇಲೆ ಅರಮನೆಯ ಗಾಯಕಿಯಾಗಿ ನೇಮಿಸಿಕೊಂಡರು. ೧೯೩೦ರ ಜನವರಿ ೧೭ರಂದು ಮೈಸೂರಿನಲ್ಲೇ ಆಕೆ ತೀರಿಕೊಂಡಳು. ಹಾಡಲು ಕೂತ ದಿನಗಳಿಗೆ ಕಂಪನಿಯಿಂದ ಆಕೆ ಭಾರಿ ಸಂಭಾವನೆಯನ್ನೇ ಪಡೆದಿದ್ದಳು, ಅದರಲ್ಲಿ ಸಂಶಯವಿಲ್ಲ. ಆದರೆ ತಟ್ಟೆಯಲ್ಲಿ ಉಳಿದ ಕಂಠದ ಮೇಲೆ ಕಾನೂನು ಆಕೆಗೆ ಯಾವ ಹಕ್ಕನ್ನೂ ಕೊಟ್ಟಿರಲಿಲ್ಲ.

ಏಕೆ ಕೊಟ್ಟಿರಲಿಲ್ಲ? ಬ್ರಿಟನ್ನಿನಲ್ಲಿ ೧೯೧೧ರಲ್ಲಿ ಆದ ಕೃತಿಸ್ವಾಮ್ಯದ ಕಾನೂನು ಕೆಲವು ಮಾರ್ಪಾಟುಗಳೊಡನೆ ೧೯೧೪ರಲ್ಲಿ ಇಲ್ಲಿಗೂ ಬಂತು. ಆ ಕಾನೂನಿನ ಕಣ್ಣಿಗೆ ತಟ್ಟೆಯ ಕರ್ತೃ ಹಾಡಿದವಳಲ್ಲ. ಮೂಲ ಅಚ್ಚು ಯಾರ ಸೊತ್ತೋ ಅವನೇ ಕರ್ತೃ. ಕವಿಗೆ ಹಕ್ಕು ಉಂಟು, ಸ್ವರ ಬರೆದವನಿಗೆ ಹಕ್ಕು ಉಂಟು, ಅಚ್ಚು ಹಾಕಿದ ಕಂಪನಿಗೂ ಉಂಟು. ಕಂಠ ಕೊಟ್ಟವರಿಗೆ ಮಾತ್ರ ಇಲ್ಲ. ಆ ಕಂಪನಿಯ ತಟ್ಟೆಗಳ ಮೇಲೆ ಕೊಳವೆಗೆ ಕಿವಿಯಿಟ್ಟ ನಾಯಿಯ ಚಿತ್ರವೂ 'ಹಿಸ್ ಮಾಸ್ಟರ್ಸ್ ವಾಯ್ಸ್' ಎಂಬ ಹೆಸರೂ ಇದ್ದುದನ್ನು ಹಿರಿಯರು ಬಲ್ಲರು. ಹೆಸರಿನ ಅರ್ಥ 'ಯಜಮಾನನ ಧ್ವನಿ' ಎಂದು. ಧ್ವನಿ ಯಾರದೋ ಅವರು ಯಜಮಾನರಾಗಿರಲಿಲ್ಲವೆಂಬುದೇ ಇಲ್ಲಿನ ಸ್ವಾರಸ್ಯ.

ನಮ್ಮ ಉತ್ತರ ಕರ್ನಾಟಕದ ದೊಡ್ಡ ಕಂಠಗಳು ಈ ಕಾನೂನಿನ ಕಾಲದಲ್ಲಿಯೇ ತಟ್ಟೆ ಏರಿದವು. ೧೯೩೦ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಅವರ ಮೊದಲ ತಟ್ಟೆಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಹೊರಬಂದವು. ಮಲ್ಲಿಕಾರ್ಜುನ ಮನಸೂರರೂ ಅದೇ ದಶಕದಲ್ಲಿ ನಾಯಿ ಮಾರ್ಕಿನ ತಟ್ಟೆಗಳಿಗೆ ಹಾಡಿದರು. ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ, ೧೯೪೩ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಹೆಸರಾದರು. ಕೀರ್ತಿಗೆ ಮಿತಿಯಿರಲಿಲ್ಲ, ಆದರೆ ತಟ್ಟೆ ಎಷ್ಟು ಮಾರಿದರೂ ಅದರಲ್ಲಿ ಪಾಲು ಕೇಳುವ ಹಕ್ಕು ಹಾಡಿದವರಿಗೆ ಕಾನೂನಿನಲ್ಲಿ ಇರಲಿಲ್ಲ. ಕಂಪನಿ ಒಪ್ಪಿ ಕೊಟ್ಟರೆ ಉಂಟು, ಒಪ್ಪದಿದ್ದರೆ ಇಲ್ಲ.

ಆ ಒಪ್ಪಿಗೆಯನ್ನು ಜಗ್ಗಿ ಕೇಳಿದವರು ಲತಾ ಮಂಗೇಶ್ಕರ್. ಸಿನಿಮಾ ಹಾಡಿನ ತಟ್ಟೆಗಳು ಮಾರಿದಂತೆಲ್ಲ ಕಂಪನಿ ನಿರ್ಮಾಪಕನಿಗೆ ಪಾಲು ಕೊಡುತ್ತಿತ್ತು. ಅದರಲ್ಲಿ ಒಂದಂಶ ಸಂಗೀತ ನಿರ್ದೇಶಕನಿಗೆ ಸೇರುತ್ತಿತ್ತು. ಹಾಡಿದವರಿಗೂ ಅದರಲ್ಲಿ ಭಾಗ ಬೇಕೆಂದು ೧೯೬೦ರ ದಶಕದ ಮೊದಲ ವರ್ಷಗಳಲ್ಲಿ ಲತಾ ಪಟ್ಟು ಹಿಡಿದರು. ಮಹಮ್ಮದ್ ರಫಿ ಒಪ್ಪಲಿಲ್ಲ. ಹಾಡಿದ್ದಕ್ಕೆ ಹಣ ಬಂದ ಮೇಲೆ ನಮ್ಮ ಋಣ ತೀರಿತು, ಚಿತ್ರ ಓಡಿದರೂ ಬಿದ್ದರೂ ಅದರ ಭಾರ ನಿರ್ಮಾಪಕನದು ಎಂಬುದು ಅವರ ನಿಲುವು. ಇಬ್ಬರೂ ಹಲವು ವರ್ಷ ಜೊತೆಯಾಗಿ ಹಾಡಲಿಲ್ಲ. ೧೯೬೭ರ ವೇಳೆಗೆ ಮತ್ತೆ ಒಂದಾದರು. ಇಬ್ಬರನ್ನೂ ತೂಗಿ ನೋಡಬೇಕು. ರಫಿಯವರದು ಕೂಲಿಯ ಧರ್ಮ, ಲತಾ ಅವರದು ಪಾಲಿನ ನ್ಯಾಯ. ರಫಿಯವರ ಮಾತಿನಲ್ಲಿ ದೊಡ್ಡತನವಿದ್ದುದು ನಿಜ. ಆದರೆ ಅವರು ಬಿಟ್ಟುಕೊಟ್ಟ ಪಾಲು ಗಾಳಿಗೆ ಹೋಗಲಿಲ್ಲ. ಕಂಪನಿ ಮತ್ತು ನಿರ್ಮಾಪಕರ ತಿಜೋರಿಯಲ್ಲಿ ಉಳಿಯಿತು.

ಇದು ನಮ್ಮ ದೇಶದ ಬಡತನದ ಫಲವೆಂದು ತಿಳಿಯಬೇಕಾಗಿಲ್ಲ. ಕಲ್ಕತ್ತೆಯ ಗ್ರಾಮಫೋನ್ ಕಂಪನಿಯ ಮೂಲ ಮನೆ ೧೯೩೧ರಲ್ಲಿ ಕೊಲಂಬಿಯಾ ಕಂಪನಿಯೊಡನೆ ಕೂಡಿ ಇ.ಎಂ.ಐ. ಎಂಬ ಹೆಸರು ಪಡೆದಿತ್ತು. ಲತಾ ಇಲ್ಲಿ ಪಾಲು ಕೇಳುತ್ತಿದ್ದ ಆ ವರ್ಷಗಳಲ್ಲಿಯೇ, ೧೯೬೨ರಲ್ಲಿ, ಲಿವರ್‌ಪೂಲಿನ ನಾಲ್ವರು ಹುಡುಗರು ಲಂಡನ್ನಿನಲ್ಲಿ ಅದೇ ಇ.ಎಂ.ಐ.ಯೊಡನೆ ಕರಾರು ಮಾಡಿಕೊಂಡರು. ಅವರೇ ಮುಂದೆ ಜಗತ್ಪ್ರಸಿದ್ಧರಾದ ಬೀಟಲ್ಸ್ ಮೇಳದವರು. ಎರಡು ಬದಿಗೂ ಹಾಡಿರುವ ಒಂದು ತಟ್ಟೆ ಮಾರಿದರೆ ಅವರಿಗೆ ಸಿಗಬೇಕಾದದ್ದು ಒಂದು ಪೆನ್ನಿ. ಆಗಿನ ಲೆಕ್ಕದಲ್ಲಿ ಪೌಂಡಿಗೆ ೨೪೦ ಪೆನ್ನಿ. ನಾಲ್ವರಲ್ಲಿ ಹಂಚಿದರೆ ತಲೆಗೆ ಕಾಲು ಪೆನ್ನಿ. ಅಂದರೆ ಒಬ್ಬೊಬ್ಬನಿಗೆ ಒಂದು ಪೌಂಡು ಬರಬೇಕಾದರೆ ೯೬೦ ತಟ್ಟೆಗಳು ಮಾರಬೇಕು. ಅದರಲ್ಲಿ ವ್ಯವಸ್ಥಾಪಕನ ಪಾಲು ಬೇರೆ. ಹೊರದೇಶಗಳಲ್ಲಿ ಮಾರಿದ್ದಕ್ಕೆ ಇದರ ಅರ್ಧ.

ಹೆಸರು ಬೆಳೆದಂತೆ, ೧೯೬೭ರಲ್ಲಿ, ಅವರು ಹೊಸ ಕರಾರು ಮಾಡಿಕೊಂಡರು. ಪಾಲು ಹೆಚ್ಚಿತು. ಆದರೆ ಪಾಲುಗಾರನ ಕಷ್ಟ ದರದಲ್ಲಿ ಮುಗಿಯುವುದಿಲ್ಲ, ರಾಶಿ ಅಳೆಯುವ ಕಡೆ ಮೊದಲಾಗುತ್ತದೆ. ಕಣದಲ್ಲಿ ಎಷ್ಟು ಚೀಲ ತುಂಬಿದವು ಎಂದು ಎಣಿಸುವವನು ಧಣಿಯ ಕಡೆಯವನೇ ಆದರೆ ಪಾಲು ಕಾಲೋ ಅರ್ಧವೋ ಎಂಬುದರಿಂದ ಏನು ಬಂತು? ಮೇಳದವರ 'ಆಪಲ್' ಸಂಸ್ಥೆ ೧೯೭೯ರಲ್ಲಿ ಇ.ಎಂ.ಐ. ಮೇಲೆ ದಾವೆ ಹೂಡಿತು. ತಮಗೆ ಬರಬೇಕಾದ ಒಂದು ಕೋಟಿ ಐದು ಲಕ್ಷ ಪೌಂಡಿಗೂ ಹೆಚ್ಚಿನ ಹಣ ಬಂದಿಲ್ಲವೆಂದು ವಾದ. ಹತ್ತು ವರ್ಷ ಎಳೆದು ೧೯೮೯ರಲ್ಲಿ ರಾಜಿಯಾಯಿತು. ೨೦೦೫ರಲ್ಲಿ ಮತ್ತೆ ದಾವೆ. ಈ ಸಲ ಮೂರು ಕೋಟಿ ಪೌಂಡಿನ ಮಾತು. ಹಾಳಾದವೆಂದೂ ಉಚಿತವಾಗಿ ಹಂಚಿದವೆಂದೂ ಲೆಕ್ಕ ಬರೆದ ತಟ್ಟೆಗಳನ್ನು ವಾಸ್ತವವಾಗಿ ಮಾರಲಾಗಿದೆ ಎಂಬುದು ಆರೋಪಗಳಲ್ಲೊಂದು. ೨೦೦೭ರಲ್ಲಿ ಅದೂ ರಾಜಿಯಲ್ಲಿ ಮುಗಿದುದರಿಂದ ಆರೋಪದ ಸತ್ಯಾಸತ್ಯವನ್ನು ನ್ಯಾಯಾಲಯ ಕೊನೆಯವರೆಗೆ ತೂಗಬೇಕಾಗಲಿಲ್ಲ. ಲೋಕವೇ ಬಲ್ಲ ಹಾಡುಗಾರರು, ಸಮರ್ಥ ವಕೀಲರು, ಬೇಕಾದಷ್ಟು ಹಣ. ಇಷ್ಟಿದ್ದೂ ಲೆಕ್ಕದ ಪುಸ್ತಕ ತೆರೆಸಲು ಅವರು ಎರಡು ಸಲ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಇವೊಂದೂ ಇಲ್ಲದವರ ಪಾಡನ್ನು ಓದುಗರೇ ಊಹಿಸಿಕೊಳ್ಳಬಹುದು.

ಸ್ವತಂತ್ರ ಭಾರತದ ಕಾನೂನೂ ಈ ಊಹೆಯನ್ನು ಬೇಗ ಮಾಡಲಿಲ್ಲ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಂಗೀತಕೃತಿ ಎಂದರೆ ಅಚ್ಚಾದ, ಬರೆದಿಟ್ಟ ಸ್ವರಸಂಯೋಜನೆ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಇಳಿಯುವ ನಮ್ಮ ಸಂಗೀತ ಈ ಮಾತಿನಲ್ಲಿ ಎಲ್ಲಿ ಸೇರೀತು? ೧೯೭೭ರಲ್ಲಿ ಸುಪ್ರೀಂ ಕೋರ್ಟು, ನಿರ್ಮಾಪಕನು ಹಣ ಕೊಟ್ಟು ಮಾಡಿಸಿಕೊಂಡ ಹಾಡು ಬೇರೆ ಕರಾರು ಇಲ್ಲದಿದ್ದರೆ ನಿರ್ಮಾಪಕನದೇ ಎಂದು ತೀರ್ಪಿತ್ತಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪನ್ನು ಒಪ್ಪಿಯೂ, ಬರೆದ ಸ್ವರಕ್ಕೆ ಹಕ್ಕಿದ್ದು ಹಾಡಿದ ಕಂಠಕ್ಕೆ ಹಕ್ಕಿಲ್ಲದ ವೈಪರೀತ್ಯದ ಕಡೆಗೆ ಪ್ರತ್ಯೇಕವಾಗಿ ಬೆರಳು ಮಾಡಿದರು.

ಆ ಬೆರಳನ್ನು ಪಾರ್ಲಿಮೆಂಟು ನೋಡಲು ಹದಿನೇಳು ವರ್ಷ ಹಿಡಿಯಿತು. ೧೯೯೪ರ ತಿದ್ದುಪಡಿ ಸಂಗೀತಕೃತಿಗೆ ಬರವಣಿಗೆಯ ಕಟ್ಟನ್ನು ತೆಗೆದುಹಾಕಿ, 'ಪ್ರದರ್ಶಕ'ನ ಹಕ್ಕನ್ನು ಮೊದಲ ಬಾರಿಗೆ ಒಪ್ಪಿತು. ಗಾಯಕ, ವಾದ್ಯಗಾರ, ನರ್ತಕ ಮಾತ್ರವಲ್ಲ, ದೊಂಬರಾಟದವನೂ ಹಾವಾಡಿಗನೂ ಆ ಮಾತಿನ ಅರ್ಥದಲ್ಲಿ ಸೇರಿದರು. ಹಕ್ಕಿನ ಅವಧಿ ಮೊದಲು ೨೫ ವರ್ಷವಿದ್ದು, ೧೯೯೯ರ ತಿದ್ದುಪಡಿಯಿಂದ ೫೦ ವರ್ಷವಾಯಿತು. ಕಡೆಗೆ ೨೦೧೨ರಲ್ಲಿ ದೊಡ್ಡ ಹೆಜ್ಜೆ. ಚಿತ್ರಗೀತೆ ಬರೆದ ಕವಿ, ರಾಗ ಹಾಕಿದ ಸಂಯೋಜಕ, ಇವರು ಚಿತ್ರಮಂದಿರದ ಹೊರಗಿನ ಬಳಕೆಯ ರಾಯಲ್ಟಿಯಲ್ಲಿ ಸಮಪಾಲಿನ ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ ಆ ಬರಹ ನಡೆಯದು ಎಂದಾಯಿತು. ಹಾಡಿದವರಿಗೂ ತಮ್ಮ ಗಾಯನದ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿಯ ಹಕ್ಕು ಬಂತು. ೨೦೧೩ರಲ್ಲಿ ಗಾಯಕರ ಹಕ್ಕಿನ ಸಂಸ್ಥೆಯೂ ನೋಂದಣಿಯಾಯಿತು. ಗೌಹರ್ ಜಾನ್ ಕಲ್ಕತ್ತೆಯಲ್ಲಿ ಕೊಳವೆಯ ಮುಂದೆ ಕೂತ ದಿನದಿಂದ ಎಣಿಸಿದರೆ ಇಷ್ಟಕ್ಕೆ ಸುಮಾರು ನೂರಹತ್ತು ವರ್ಷ ಬೇಕಾದವು.

ಈಗ ನಮ್ಮ ಮೂರು ಊರುಗಳ ಮಾತಿಗೆ ಬರೋಣ. ಈ ಸೀಮೆಯಲ್ಲಿ ಕಡಕೋಳದ ಮಡಿವಾಳಪ್ಪನವರ ತತ್ವಪದಗಳು ಏಕತಾರಿ ದಮ್ಮಡಿಗಳೊಡನೆ ಇಂದಿಗೂ ಹಾಡಿಕೆಯಲ್ಲಿವೆ. ಕೃಷ್ಣೆಯ ದಡದ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಗೆ ಹಿಂದೂಗಳೂ ಮುಸ್ಲಿಮರೂ ಸೇರುತ್ತಾರೆ. ಮೊಹರಮ್ಮಿನಲ್ಲಿ ರಿವಾಯತ್ ಪದಗಳು ಏಳುತ್ತವೆ. ಒಂದು ಕಾಲಕ್ಕೆ ಇವನ್ನು ಹಿಡಿದಿಡಲು ಕಂಪನಿಯೇ ಬರಬೇಕಾಗಿತ್ತು. ಈಗ ಕೈಯಲ್ಲಿ ಮೊಬೈಲು ಇರುವ ಯಾರಾದರೂ ಸಾಕು. ಮಡಿವಾಳಪ್ಪನವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆಗಿಹೋದವರಾದ್ದರಿಂದ ಪದದ ಮೇಲೆ ಯಾರ ಸ್ವಾಮ್ಯವೂ ಇಲ್ಲ. ಪರಂಪರೆಯ ಧಾಟಿಯೂ ಎಲ್ಲರದು. ಆದರೆ ಇಂದು ಹಾಡಿದ ಕಂಠ ಇಂದು ಹಾಡಿದವರದೇ. ಹಾವಾಡಿಗನನ್ನು ಬಿಡದ ಕಾನೂನು ತತ್ವಪದದವರನ್ನೂ ಬಿಟ್ಟಿಲ್ಲ.

ಇಲ್ಲಿ ಒಂದು ತೊಡಕುಂಟು, ಅದು ಕಾನೂನಿನದಲ್ಲ. ತತ್ವಪದದ ಅಂಕಿತದಲ್ಲಿ ಗುರುವಿನ ಹೆಸರಿದೆ, ಹಾಡುವವನ ಹೆಸರಿಲ್ಲ. ಪದ ನನ್ನದಲ್ಲ, ಗುರುವಿನದು ಎಂಬುದು ಆ ಪರಂಪರೆಯ ಜೀವ. ಅಂಥವನ ಮುಂದೆ ಪಾಲಿನ ಮಾತೆತ್ತುವುದು ಅವನನ್ನು ವ್ಯಾಪಾರಕ್ಕೆ ಇಳಿಸಿದಂತೆ ಆಗದೆ? ಈ ಸಂಕೋಚ ಗೌರವಿಸತಕ್ಕದ್ದೇ. ಆದರೆ ಹಾಡುವವನು 'ನನ್ನದಲ್ಲ' ಎಂದು ಹೇಳಿದ ಮಾತ್ರಕ್ಕೆ ಅದು ಮುದ್ರಿಸಿಕೊಂಡವನದು ಆಗುವುದಿಲ್ಲ. ತಾನಾಗಿ ಬಿಟ್ಟರೆ ತ್ಯಾಗ. ಕೇಳದೆ ತೆಗೆದುಕೊಂಡರೆ ಅದಕ್ಕೆ ಬೇರೆ ಹೆಸರಿದೆ. ರಫಿಯವರು ಬಿಟ್ಟುಕೊಟ್ಟರು, ತಿಳಿದು ಬಿಟ್ಟುಕೊಟ್ಟರು. ಆ ಆಯ್ಕೆ ಊರ ಹಾಡುಗಾರನಿಗೂ ಇರಬೇಕು.

ಅದಕ್ಕೆ ದೊಡ್ಡ ಏರ್ಪಾಡೇನೂ ಬೇಕಿಲ್ಲ. ಹಾಡಿಸಿಕೊಳ್ಳುವವರು ಒಂದು ಹಾಳೆಯಲ್ಲಿ ಹಾಡಿದವರ ಹೆಸರು, ಊರು, ತಾರೀಖು, ಹಾಡಿದ ಪದ ಇವನ್ನು ಬರೆಯಲಿ. ಕೊಟ್ಟ ಹಣ ಕೂಲಿಯೋ, ಮುಂದೆ ಬರುವ ಪಾಲಿನ ಮುಂಗಡವೋ ಎಂಬುದನ್ನು ಸ್ಪಷ್ಟವಾಗಿ ಕಾಣಿಸಲಿ. ಒಂದು ಪ್ರತಿಯನ್ನು ಹಾಡಿದವರ ಕೈಗೆ ಕೊಡಲಿ. ಓದುಬರಹ ಬಾರದವರಿಗೆ ಊರಿನ ಶಾಲೆಯ ಮಾಸ್ತರರು ಓದಿ ಹೇಳಬಹುದು. ಹೊಲದ ವಿಷಯದಲ್ಲಿ ಈ ಸೀಮೆಯ ಜನ ಬಿತ್ತುವ ಮೊದಲು ಆಡುವ ಮಾತು ಇದೇ. ಹಾಡಿನ ವಿಷಯದಲ್ಲಿಯೂ ಅಷ್ಟೇ ಸಹಜವಾಗಿ ಆಡಿದರೆ, ಬೀಟಲ್ಸರು ಕೋರ್ಟಿನಲ್ಲಿ ಕಳೆದ ವರ್ಷಗಳನ್ನು ನಮ್ಮ ಹಾಡುಗಾರರು ಹಾಡುವುದರಲ್ಲಿ ಕಳೆಯಬಹುದು.