ಮರದ ವ್ಯಾಪಾರಿಯ ಗರಡಿ

ಕನ್ನಡ ಪಾಠ ಹೇಳಿಕೊಂಡು ಬಾಳಿನ ಬಹುಭಾಗವನ್ನು ಕಳೆದವನಿಗೆ ಮೋಟಾರು ಪಂದ್ಯಗಳ ಗೊಡವೆ ಏತಕ್ಕೆ ಎಂದು ಕೇಳುಗರು ಹುಬ್ಬೇರಿಸಬಹುದು. ನನಗೆ ಕಾರು ಓಡಿಸಲು ಬಾರದು. ಎಂಜಿನ್ನಿನ ಒಳಗುಟ್ಟೂ ಅಷ್ಟಾಗಿ ತಿಳಿಯದು. ಆದರೆ ಗುರುವಾದವನು ಶಿಷ್ಯನನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಅವನನ್ನು ನಡೆಸಿಕೊಳ್ಳಬೇಕಾದದ್ದು ಹೇಗೆ ಎಂಬ ಪ್ರಶ್ನೆಗಳು ನನ್ನನ್ನು ಬಹುಕಾಲದಿಂದ ಕಾಡಿವೆ. ಅವಕ್ಕೆ ಉತ್ತರ ಹುಡುಕುತ್ತ ನಮ್ಮ ಕಾವ್ಯಗಳ ಕಡೆಗೆ ಹೋದಂತೆಯೇ ಅನ್ಯದೇಶಗಳ ಚರಿತ್ರೆಯ ಕಡೆಗೂ ಹೋಗಿದ್ದೇನೆ. ಇಂಗ್ಲೆಂಡಿನ ಒಬ್ಬ ಮರದ ವ್ಯಾಪಾರಿ ತನ್ನ ದಿಮ್ಮಿ ಹಲಗೆಗಳ ನಡುವೆ ನಡೆಸಿದ ಒಂದು ಚಿಕ್ಕ ಮೋಟಾರು ತಂಡದ ಕಥೆ ನನಗೆ ದೊರೆತದ್ದು ಹಾಗೆ. ಅದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಆ ವ್ಯಾಪಾರಿಯ ಹೆಸರು ಕೆನ್ ಟಿರೆಲ್. ಲಂಡನ್ನಿಗೆ ತೆಂಕಣದ ಸರ್ರೆ ಪ್ರಾಂತದಲ್ಲಿ 1924ರಲ್ಲಿ ಹುಟ್ಟಿದವನು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಮಾನಗಳಲ್ಲಿ ಎಂಜಿನ್ನುಗಳ ಉಸ್ತುವಾರಿ ನೋಡಿಕೊಳ್ಳುವ ಕೆಲಸ ಮಾಡಿದ. ಯುದ್ಧ ಮುಗಿದ ಮೇಲೆ ಸೋದರನೊಡನೆ ಮರದ ವ್ಯಾಪಾರಕ್ಕೆ ಕೈಹಾಕಿದ. 1951ರಲ್ಲಿ ಊರಿನ ಕಾಲ್ಚೆಂಡಿನ ತಂಡದವರು ಸಿಲ್ವರ್‌ಸ್ಟನ್ ಎಂಬಲ್ಲಿಗೆ ಮೋಟಾರು ಪಂದ್ಯ ನೋಡಲು ಹೊರಟಾಗ ಅವರ ಜೊತೆಯಲ್ಲಿ ಈತನೂ ಹೋದ. ಸಿಲ್ವರ್‌ಸ್ಟನ್ ಯುದ್ಧಕಾಲದ ವಿಮಾನ ನಿಲ್ದಾಣ. ಬಾಂಬರುಗಳು ಹಾರಿಹೋದ ಮೇಲೆ ಬರಿದಾಗಿ ಉಳಿದ ಇಂಥ ನಿಲ್ದಾಣಗಳ ರಸ್ತೆಗಳೇ ಆ ದೇಶದಲ್ಲಿ ಪಂದ್ಯದ ಕಣಗಳಾದವು. ಅಂದು ಅಲ್ಲಿ ಕಂಡ ಆಟ ಟಿರೆಲ್ಲನಿಗೆ ಹಿಡಿಸಿತು. ಮೋಟಾರ್ ಸೈಕಲ್ಲಿನ 500 ಸಿ.ಸಿ. ಎಂಜಿನ್ನನ್ನು ಹಿಂಬದಿಯಲ್ಲಿ ಹೊತ್ತ ಕೂಪರ್ ಕಂಪನಿಯ ಪುಟ್ಟ ಕಾರೊಂದನ್ನು ಕೊಂಡು ತಾನೂ ಕಣಕ್ಕಿಳಿದ.

ಏಳೆಂಟು ವರ್ಷ ಆತ ಸ್ಪರ್ಧಿಸಿದ, ಒಮ್ಮೊಮ್ಮೆ ಗೆದ್ದ. ಆದರೆ ತಾನು ಒಳ್ಳೆಯ ಚಾಲಕನೇ ಹೊರತು ಉತ್ತಮೋತ್ತಮ ಚಾಲಕನಲ್ಲ ಎಂಬುದು ಕ್ರಮೇಣ ಅವನಿಗೆ ಮನವರಿಕೆಯಾಯಿತು. ಹಾಗೆ ಮನವರಿಕೆಯಾದಾಗ ಕೆಲವರು ಕಹಿಯಾಗುತ್ತಾರೆ, ಕೆಲವರು ಕಣವನ್ನೇ ತೊರೆಯುತ್ತಾರೆ. ಟಿರೆಲ್ ಇವೆರಡನ್ನೂ ಮಾಡಲಿಲ್ಲ. 1959ರಲ್ಲಿ ಚಾಲಕನ ಆಸನದಿಂದ ಕೆಳಗಿಳಿದು, ಆ ಆಸನದಲ್ಲಿ ಕೂರಬೇಕಾದ ತರುಣರನ್ನು ಹುಡುಕತೊಡಗಿದ. ಆಕಮ್ ಎಂಬ ಹಳ್ಳಿಯ ಬಳಿಯಿದ್ದ ತನ್ನ ಮರದ ಡಿಪೋದ ಹಲಗೆಯ ಕೊಟ್ಟಿಗೆಯೇ ತಂಡದ ಕಾರ್ಯಾಗಾರವಾಯಿತು.

ಆ ಹೊತ್ತಿಗೆ ಇದಕ್ಕೆ ಅನುಕೂಲವಾದ ಒಂದು ಸಂದರ್ಭ ಒದಗಿತ್ತು. ಇಟಲಿಯಲ್ಲಿ ಆಸ್ಕರಿ 1955ರಲ್ಲಿ, ಕಾಸ್ಟೆಲೊಟ್ಟಿ 1957ರಲ್ಲಿ ಕಾರು ಓಡಿಸುತ್ತಲೇ ಮಡಿದಿದ್ದರು. ಅವರ ಸ್ಥಾನ ತುಂಬಬಲ್ಲ ಹೊಸಬರನ್ನು ತಯಾರು ಮಾಡಲು ಅಲ್ಲಿ ಏರ್ಪಾಟಿರಲಿಲ್ಲ. ಜೊವಾನ್ನಿ ಲುರಾನಿ ಎಂಬ ಸಿರಿವಂತ ಮನೆತನದ ಪಂದ್ಯಪ್ರೇಮಿ ಇದಕ್ಕೊಂದು ದಾರಿ ಹುಡುಕಿದ. ಅದೇ 'ಫಾರ್ಮುಲಾ ಜೂನಿಯರ್'. ಫಾರ್ಮುಲಾ ಎಂದರೆ ಇಲ್ಲಿ ಸೂತ್ರ, ಕಟ್ಟಳೆ ಎಂದರ್ಥ. ಎಲ್ಲ ಕಾರುಗಳೂ ಒಂದೇ ಅಳತೆ, ತೂಕಗಳಿಗೆ ಒಳಪಟ್ಟಿರಬೇಕು. ಒಬ್ಬನೇ ಕೂರುವ, ಚಕ್ರಗಳು ಮೈಯಿಂದ ಹೊರಕ್ಕೆ ಚಾಚಿರುವ ಕಾರು. ಅದರ ಎಂಜಿನ್ನು ಮಾತ್ರ ಜನಸಾಮಾನ್ಯರು ಪೇಟೆಯಲ್ಲಿ ಕೊಳ್ಳುವ ಕಾರಿನದೇ ಆಗಿರಬೇಕು. 1100 ಸಿ.ಸಿ. ಎಂಜಿನ್ನಾದರೆ ಕಾರಿನ ತೂಕ 400 ಕಿಲೋಗ್ರಾಮಿಗೂ, 1000 ಸಿ.ಸಿ. ಆದರೆ 360 ಕಿಲೋಗ್ರಾಮಿಗೂ ಕಡಮೆಯಿರಕೂಡದು. ಖರ್ಚು ಕೈಗೆಟುಕುವಂತಿದ್ದರೆ ಹಣವಿಲ್ಲದ ಹುಡುಗರೂ ಬಂದಾರು ಎಂಬುದು ಲುರಾನಿಯ ಎಣಿಕೆ. 1958ರಲ್ಲಿ ಇಟಲಿಯಲ್ಲಿ ಮೊದಲಾದ ಈ ಪಂದ್ಯ ಮರುವರ್ಷ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ವಿಪರ್ಯಾಸವೆಂದರೆ, ಇಟಲಿಯವರು ತಮ್ಮ ಮಕ್ಕಳಿಗಾಗಿ ಕಟ್ಟಿಸಿದ ಈ ಶಾಲೆಯ ಮುಂದಿನ ಬೆಂಚುಗಳನ್ನು 1960ರಿಂದ ಇಂಗ್ಲೆಂಡಿನವರು ಹಿಡಿದರು. ಲೋಟಸ್ ಮತ್ತು ಕೂಪರ್ ಕಂಪನಿಗಳು ಎಂಜಿನ್ನನ್ನು ಚಾಲಕನ ಬೆನ್ನಿನ ಹಿಂದೆ ಇಟ್ಟು ಕಟ್ಟಿದ ಹಗುರ ಕಾರುಗಳ ಮುಂದೆ ಉಳಿದವು ನಿಲ್ಲಲಿಲ್ಲ.

ಟಿರೆಲ್ ಆರಿಸಿಕೊಂಡದ್ದು ಕೂಪರ್ ಕಾರನ್ನು. 1960ರ ಮಾರ್ಚಿಯಲ್ಲಿ ಗುಡ್‌ವುಡ್ ಎಂಬಲ್ಲಿ ಜಾನ್ ಸರ್ಟೀಸ್ ಎಂಬುವನನ್ನು ಅದರಲ್ಲಿ ಕೂರಿಸಿದ. ಸರ್ಟೀಸ್ ಮೋಟಾರ್ ಸೈಕಲ್ ಪಂದ್ಯಗಳಲ್ಲಿ ಅದಾಗಲೇ ಜಗಜ್ಜೆಟ್ಟಿ. ಆದರೆ ನಾಲ್ಕು ಚಕ್ರದ ವಾಹನದಲ್ಲಿ ಅದೇ ಅವನ ಮೊದಲ ಸ್ಪರ್ಧೆ. ಎರಡನೆಯವನಾಗಿ ಬಂದ, ಮೊದಲು ಬಂದವನು ಲೋಟಸ್ ತಂಡದ ಜಿಮ್ ಕ್ಲಾರ್ಕ್. ಮುಂದೆ ಕ್ಲಾರ್ಕ್ 1963ರಲ್ಲೂ 1965ರಲ್ಲೂ, ಸರ್ಟೀಸ್ 1964ರಲ್ಲೂ ವಿಶ್ವವಿಜೇತರಾದರು. ಎರಡು ಚಕ್ರ, ನಾಲ್ಕು ಚಕ್ರ ಎರಡರಲ್ಲೂ ಜಗತ್ತನ್ನು ಗೆದ್ದವನು ಸರ್ಟೀಸ್ ಒಬ್ಬನೇ. ಅದೇ ವರ್ಷ ಮೊನಾಕೊ ನಗರದ ಬೀದಿಗಳಲ್ಲಿ ನಡೆದ ಕಿರಿಯರ ಪಂದ್ಯವನ್ನು ಟಿರೆಲ್ಲನ ಕಾರಿನಲ್ಲಿ ಹೆನ್ರಿ ಟೇಲರ್ ಗೆದ್ದ. 1961ರಲ್ಲಿ ದಕ್ಷಿಣ ಆಫ್ರಿಕದ ಟೋನಿ ಮ್ಯಾಗ್ಸ್ ಯೂರೋಪಿನ ಕಿರಿಯರ ಪಟ್ಟವನ್ನು ಸ್ವಿಟ್ಜರ್ಲೆಂಡಿನ ಜೋ ಸಿಫರ್‌ನೊಡನೆ ಹಂಚಿಕೊಂಡ. ಕೊಟ್ಟಿಗೆಯ ತಂಡಕ್ಕೆ ಇಷ್ಟು ಬೇಗ ಇಷ್ಟು ಹೆಸರು ಬಂದುದು ಸೋಜಿಗವೇ ಸರಿ.

ನಮ್ಮಲ್ಲಿ ಗರಡಿ ಎಂಬ ಮಾತಿದೆ. ಗರಡಿಯಲ್ಲಿ ಮಟ್ಟಿ ಹದವಾಗಿರಬೇಕು, ಉಸ್ತಾದನ ಕಣ್ಣು ಚುರುಕಾಗಿರಬೇಕು; ಅಲ್ಲಿ ಪಳಗಿದವನು ಹೊರಗಿನ ಕುಸ್ತಿಯಲ್ಲಿ ಗೆದ್ದರೆ ಕೀರ್ತಿ ಗರಡಿಗೂ ಸಲ್ಲುತ್ತದೆ. ಟಿರೆಲ್ಲನದು ಇಂಥದೊಂದು ಗರಡಿ. ಆದರೆ ಒಂದು ವ್ಯತ್ಯಾಸವನ್ನು ನಾವು ಮರೆಯಬಾರದು. ಗರಡಿಯ ಹುಡುಗ ಸೋತರೆ ಮಣ್ಣು ಕೊಡವಿಕೊಂಡು ಏಳುತ್ತಾನೆ. ಈ ಆಟದಲ್ಲಿ ಸೋಲು ಕೆಲವೊಮ್ಮೆ ಸಾವೇ ಆಗಿತ್ತು. ಸೀಟಿನ ಪಟ್ಟಿಗಳಿಲ್ಲದ ಕಾಲ. ಕಣದ ಅಂಚಿನಲ್ಲಿ ಮರಗಳು, ಕಂದಕಗಳು. ಚಾಲಕನ ಇಕ್ಕೆಲಗಳಲ್ಲಿ ಪೆಟ್ರೋಲು ತುಂಬಿದ ತೊಟ್ಟಿಗಳು. ಮ್ಯಾಗ್ಸ್‌ನನ್ನೇ ನೋಡಿ. 1965ರಲ್ಲಿ ತನ್ನ ದೇಶದ ಪಂದ್ಯವೊಂದರಲ್ಲಿ ಅವನ ಕಾರು ದಾರಿ ಬಿಟ್ಟು ನುಗ್ಗಿ ಒಬ್ಬ ಬಾಲಕ ತೀರಿಕೊಂಡ. ಮ್ಯಾಗ್ಸ್ ಪಂದ್ಯಗಳಿಗೇ ವಿದಾಯ ಹೇಳಿ ಬೇಸಾಯಕ್ಕೆ ಹೊರಟುಹೋದ.

ಟಿಮ್ಮಿ ಮೇಯರ್ ಎಂಬ ಅಮೆರಿಕದ ತರುಣ 1963ರಲ್ಲಿ ಟಿರೆಲ್ಲನ ಬಳಿ ಪಳಗಿದ. ಫಾರ್ಮುಲಾ ಒನ್ ಎಂಬ ಹಿರಿಯರ ಪಂದ್ಯಕ್ಕೆ ಮುಂದಿನ ವರ್ಷ ಕೂಪರ್ ತಂಡದಲ್ಲಿ ಅವನಿಗೆ ಸ್ಥಾನವೂ ಗೊತ್ತಾಗಿತ್ತು. ಅದಕ್ಕೆ ಮುನ್ನ ಬ್ರೂಸ್ ಮೆಕ್ಲಾರೆನ್ ಎಂಬ ಖ್ಯಾತ ಚಾಲಕನ ಜೊತೆಗಾರನಾಗಿ ಆಸ್ಟ್ರೇಲಿಯಕ್ಕೆ ಹೋದ. 1964ರ ಫೆಬ್ರವರಿ 28ರಂದು ಟಾಸ್ಮೇನಿಯದ ಲಾಂಗ್‌ಫರ್ಡ್‌ನಲ್ಲಿ ಅಭ್ಯಾಸದ ವೇಳೆ ಮಡಿದ. ಆಗ ಅವನಿಗೆ ಇಪ್ಪತ್ತಾರು ವರ್ಷ. ಮೇಯರ್ ಆಗ ಟಿರೆಲ್ಲನ ತಂಡದಲ್ಲಿರಲಿಲ್ಲ, ನಿಜ. ಆದರೆ ಮೇಲಿನ ತರಗತಿಗೆ ಕಳಿಸಿದ ಹುಡುಗ ಅಲ್ಲಿ ಅಳಿದರೆ ಕೆಳಗಿನ ತರಗತಿಯ ಉಪಾಧ್ಯಾಯನಿಗೆ ಅದು ತನಗೆ ಸಂಬಂಧಿಸದ ಸುದ್ದಿಯಾಗುತ್ತದೆಯೇ?

ಆ ವರ್ಷವೇ ಕಿರಿಯರ ಕಟ್ಟಳೆ ಬದಲಾಗಿತ್ತು. ಫಾರ್ಮುಲಾ ಜೂನಿಯರ್ ಹೋಗಿ 1000 ಸಿ.ಸಿ.ಯ ಫಾರ್ಮುಲಾ ತ್ರೀ ಬಂದಿತ್ತು. ಟಿರೆಲ್ಲನಿಗೆ ಹೊಸ ಚಾಲಕ ಬೇಕಾಗಿದ್ದ. ಗುಡ್‌ವುಡ್ ಕಣದ ವ್ಯವಸ್ಥಾಪಕ ತಾನು ಕಂಡ ಒಬ್ಬ ಸ್ಕಾಟ್ಲೆಂಡಿನ ಹುಡುಗನ ಸುದ್ದಿಯನ್ನು ತಿಳಿಸಿದ. ಆ ಹುಡುಗನೇ ಜಾಕಿ ಸ್ಟೂವರ್ಟ್.

ಈತನ ಹಿನ್ನೆಲೆಯನ್ನು ಕೊಂಚ ವಿವರವಾಗಿಯೇ ಹೇಳಬೇಕು. ಗ್ಲಾಸ್ಗೋ ನಗರದ ಪಡುವಣಕ್ಕಿರುವ ಮಿಲ್ಟನ್ ಎಂಬ ಹಳ್ಳಿಯಲ್ಲಿ 1939ರಲ್ಲಿ ಹುಟ್ಟಿದವನು. ತಂದೆಯದು ಮೋಟಾರು ಗ್ಯಾರೇಜು. ಶಾಲೆಯಲ್ಲಿ ಇವನಿಗೆ ಓದು ಹತ್ತಲಿಲ್ಲ. ಅಕ್ಷರಗಳು ಕಣ್ಣ ಮುಂದೆ ನಿಲ್ಲುತ್ತಿರಲಿಲ್ಲ. ಮಂದಬುದ್ಧಿಯವನೆಂದು ಮೇಷ್ಟರೂ ಸಹಪಾಠಿಗಳೂ ಹೀಯಾಳಿಸಿದರು. ಹದಿಹರೆಯದಲ್ಲೇ ಶಾಲೆ ಬಿಟ್ಟು ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕನಾದ. ಇವನದು ದಡ್ಡತನವಲ್ಲ, ಡಿಸ್‌ಲೆಕ್ಸಿಯ ಎಂಬ ಓದಿನ ತೊಡಕು ಎಂಬುದು ತಿಳಿದದ್ದು ನಲವತ್ತು ದಾಟಿದ ಮೇಲೆ, ಮಗನಿಗೂ ಅದೇ ತೊಡಕಿದೆಯೆಂದು ವೈದ್ಯರು ಕಂಡುಹಿಡಿದಾಗ. ಈ ನಡುವೆ ಬಂದೂಕಿನಿಂದ ಹಾರುವ ಬಿಲ್ಲೆಗಳಿಗೆ ಗುರಿಯಿಡುವ ಆಟದಲ್ಲಿ ಎಷ್ಟು ನಿಪುಣನಾದನೆಂದರೆ, 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿ ಸ್ಥಾನ ಸ್ವಲ್ಪದರಲ್ಲಿ ಕೈತಪ್ಪಿತು. ಅಣ್ಣ ಜಿಮ್ಮಿ ಪಂದ್ಯದಲ್ಲಿ ಪೆಟ್ಟು ತಿಂದಿದ್ದ. ಕಿರಿಯವನೂ ಅದೇ ದಾರಿ ಹಿಡಿಯುವುದು ತಾಯಿಗೆ ಸುತರಾಂ ಇಷ್ಟವಿರಲಿಲ್ಲ.

ಗುಡ್‌ವುಡ್‌ನಲ್ಲಿ ಟಿರೆಲ್ ಇವನನ್ನು ಪರೀಕ್ಷಿಸಿದ. ಒರೆಗಲ್ಲಾಗಿ ಬಂದವನು ಬ್ರೂಸ್ ಮೆಕ್ಲಾರೆನ್. ಮೆಕ್ಲಾರೆನ್ ಹೊಸ ಕೂಪರ್ ಕಾರಿನಲ್ಲಿ ಸುತ್ತು ಹಾಕಿ ಇಷ್ಟು ಹೊತ್ತೆಂದು ಮೊದಲು ತೋರಿಸಿಕೊಟ್ಟ. ಅನಂತರ ಸ್ಟೂವರ್ಟ್ ಕುಳಿತ; ಕೆಲವೇ ಸುತ್ತುಗಳಲ್ಲಿ ಮೆಕ್ಲಾರೆನ್‌ಗಿಂತ ಬೇಗ ಓಡಿಸಿದ. ಆಗ ಟಿರೆಲ್ ಹಿಗ್ಗಲಿಲ್ಲ. ಕಾರು ನಿಲ್ಲಿಸಿ, ಇಷ್ಟು ಅವಸರ ಬೇಡವೆಂದು ಹುಡುಗನಿಗೆ ಬುದ್ಧಿ ಹೇಳಿದ. ಮೆಕ್ಲಾರೆನ್ ಮತ್ತೆ ಹೋಗಿ ಇನ್ನೂ ಬೇಗ ಸುತ್ತಿ ಬಂದ. ಸ್ಟೂವರ್ಟ್ ಮತ್ತೆ ಕುಳಿತು ಅದನ್ನೂ ಮೀರಿಸಿದ.

ದ್ರೋಣಾಚಾರ್ಯ ಮರದ ಮೇಲಿನ ಹಕ್ಕಿಯನ್ನು ತೋರಿಸಿ ಶಿಷ್ಯರನ್ನು ಪರೀಕ್ಷಿಸಿದ ಕಥೆ ನಮಗೆಲ್ಲ ಗೊತ್ತು. ಹಕ್ಕಿಯ ಕಣ್ಣಲ್ಲದೆ ಬೇರೇನೂ ಕಾಣದೆಂದ ಅರ್ಜುನನನ್ನು ನಾವು ಕೊಂಡಾಡುತ್ತೇವೆ. ಆದರೆ ಆ ಪರೀಕ್ಷೆಯಲ್ಲಿ ದ್ರೋಣನ ಕಣ್ಣಿಗೂ ಪರೀಕ್ಷೆಯಿತ್ತು. ಏಕಲವ್ಯನ ಪ್ರಸಂಗದಲ್ಲಿ ಅದೇ ಕಣ್ಣು ಕಂಡೂ ಕಾಣದಂತೆ ನಡೆದುಕೊಂಡಿತು. ಶಾಲೆಯ ಪುಸ್ತಕ ತೂಗಿ ಬೇಡವೆಂದ ಹುಡುಗನನ್ನು ಮರದ ವ್ಯಾಪಾರಿ ಕೆಲವು ಸುತ್ತುಗಳಲ್ಲಿ ಅಳೆದ. ಇವನಿಗೆ ಬರುವುದೇನು ಎಂದು ನೋಡಿದನೇ ಹೊರತು ಬಾರದ್ದೇನು ಎಂದು ನೋಡಲಿಲ್ಲ. ಅಂಕಪಟ್ಟಿಗಳನ್ನು ಮುಂದಿಟ್ಟುಕೊಂಡು ಕೂರುವ ನಮ್ಮ ವೃತ್ತಿಯವರು ಯೋಚಿಸಬೇಕಾದ ಸಂಗತಿ ಇದು.

ಮಾರ್ಚಿ 15ರಂದು, ಎಂದರೆ ಮೇಯರ್ ಮಡಿದ ಹದಿನಾರನೆಯ ದಿನ, ಸ್ನೆಟರ್‌ಟನ್ ಎಂಬಲ್ಲಿ ಜಡಿಮಳೆಯಲ್ಲಿ ಸ್ಟೂವರ್ಟ್ ತಂಡದ ಪರವಾಗಿ ಮೊದಲ ಪಂದ್ಯಕ್ಕಿಳಿದ. ಎರಡೇ ಸುತ್ತುಗಳಲ್ಲಿ 25 ಸೆಕೆಂಡು ಮುಂದಾದ; 44 ಸೆಕೆಂಡುಗಳ ಅಂತರದಿಂದ ಗೆದ್ದ. ಕೆಲವೇ ದಿನಗಳಲ್ಲಿ ಕೂಪರ್ ಕಂಪನಿಯವರು ತಮ್ಮ ಫಾರ್ಮುಲಾ ಒನ್ ತಂಡಕ್ಕೆ ಬಾರೆಂದು ಕರೆದರು. ಸ್ಟೂವರ್ಟ್ ಒಲ್ಲೆನೆಂದ. ಇನ್ನೂ ಕಲಿಯುವುದಿದೆ, ಅದನ್ನು ಟಿರೆಲ್ಲನ ಬಳಿಯೇ ಕಲಿಯುವೆನೆಂದು ನಿಂತ. ಈ ಕಥೆಯಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಭಾಗ ಇದೇ. ಗುರು ಶಿಷ್ಯನನ್ನು ಆರಿಸಿದರೆ ಸಾಲದು. ಶಿಷ್ಯನೂ ಗುರುವನ್ನು ಆರಿಸಿಕೊಳ್ಳಬೇಕು. ಆ ವರ್ಷದ ಕಿರಿಯರ ಪಂದ್ಯಗಳಲ್ಲಿ ಆತ ಸೋತದ್ದು ಎರಡೇ. ಮೊನಾಕೊದಲ್ಲೂ ಗೆದ್ದ. ಅಷ್ಟಾದ ಮೇಲೆಯೇ 1965ರಲ್ಲಿ ಬಿ.ಆರ್.ಎಂ. ತಂಡವನ್ನು ಸೇರಿ ಹಿರಿಯರ ಕಣಕ್ಕೆ ಹೋದದ್ದು. ಟಿರೆಲ್ ತಡೆಯಲಿಲ್ಲ. ಫಾರ್ಮುಲಾ ಟೂ ಎಂಬ ನಡುವಣ ದರ್ಜೆಯ ಪಂದ್ಯಗಳಲ್ಲಿ ಸ್ಟೂವರ್ಟ್ ಟಿರೆಲ್ಲನಿಗಾಗಿಯೇ ಓಡಿಸುತ್ತಿದ್ದುದರಿಂದ ಇಬ್ಬರ ನಂಟು ಕಡಿಯಲಿಲ್ಲ.

ಗರಡಿ ಬರಿದಾಗಲೂ ಇಲ್ಲ. ಬೆಲ್ಜಿಯಮ್ಮಿನ ಜಾಕಿ ಇಕ್ಸ್ ಎಂಬ ಹುಡುಗ ಬಂದ. 1967ರಲ್ಲಿ ಟಿರೆಲ್ ನಡೆಸುತ್ತಿದ್ದ ಮಾತ್ರಾ ಕಾರಿನಲ್ಲಿ ಆತ ಯೂರೋಪಿನ ಫಾರ್ಮುಲಾ ಟೂ ಪಟ್ಟ ಗೆದ್ದ. ಅದೇ ವರ್ಷ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಕಣದಲ್ಲಿ 1600 ಸಿ.ಸಿ.ಯ ಚಿಕ್ಕ ಕಾರಿನಿಂದ, 3000 ಸಿ.ಸಿ.ಯ ಹಿರಿಯರ ನಡುವೆ ಅಭ್ಯಾಸದಲ್ಲಿ ಮೂರನೆಯ ಅತಿವೇಗವನ್ನು ಸಾಧಿಸಿ ಎಲ್ಲರನ್ನೂ ಬೆರಗುಗೊಳಿಸಿದ. ಮರುವರ್ಷ ಅವನು ಫೆರಾರಿ ತಂಡಕ್ಕೆ ಹೋದ; ಸ್ಟೂವರ್ಟ್ ಟಿರೆಲ್ಲನಲ್ಲಿಗೆ ಮರಳಿ ಬಂದ. 1968ರಲ್ಲಿ ಆ ಕೊಟ್ಟಿಗೆಯ ತಂಡವೇ ಫಾರ್ಮುಲಾ ಒನ್ ಪ್ರವೇಶಿಸಿತು. 1969, 1971, 1973, ಹೀಗೆ ಮೂರು ಬಾರಿ ಸ್ಟೂವರ್ಟ್ ವಿಶ್ವವಿಜೇತನಾದ. 1971ರಲ್ಲಿ ಗೆದ್ದ ಕಾರು ಟಿರೆಲ್ಲನ ಹೆಸರನ್ನೇ ಹೊತ್ತದ್ದು.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! 1966ರಲ್ಲಿ ಬೆಲ್ಜಿಯಮ್ಮಿನ ಸ್ಪಾ ಕಣದಲ್ಲಿ ಮಳೆಯಲ್ಲಿ ಜಾರಿದ ಕಾರಿನೊಳಗೆ ಸ್ಟೂವರ್ಟ್ ಸಿಕ್ಕಿಕೊಂಡು, ಮೈಯೆಲ್ಲ ಪೆಟ್ರೋಲಿನಲ್ಲಿ ತೋಯ್ದು ಬಿದ್ದಿದ್ದ. ಬಿಡಿಸಿದವರು ಜೊತೆಯ ಚಾಲಕರು. ಅದೂ ಎರವಲು ಪಡೆದ ಸ್ಪ್ಯಾನರಿನಿಂದ. ಅಂದಿನಿಂದ ಆತ ಪಟ್ಟು ಹಿಡಿದು ಸೀಟಿನ ಪಟ್ಟಿ, ತಡೆಗೋಡೆ, ವೈದ್ಯಕೀಯ ನೆರವು ಬೇಕೇ ಬೇಕೆಂದು ವಾದಿಸಿದ. ಹೇಡಿ ಎನ್ನಿಸಿಕೊಂಡೂ ಬಿಡಲಿಲ್ಲ. ಆದರೂ 1973ರ ಅಕ್ಟೋಬರ್ 6ರಂದು ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ತಂಡದ ಕಿರಿಯ ಚಾಲಕ ಫ್ರಾನ್ಸಿನ ಫ್ರಾಂಸ್ವಾ ಸೆವೆರ್ ಅಭ್ಯಾಸದಲ್ಲಿ ಮಡಿದ. ಸ್ಟೂವರ್ಟ್‌ನ ತರುವಾಯ ತಂಡದ ಹಿರಿತನ ವಹಿಸಬೇಕಾಗಿದ್ದವನು ಅವನೇ. ತಂಡ ಪಂದ್ಯದಿಂದ ಹಿಂದೆ ಸರಿಯಿತು. ಅದು ಸ್ಟೂವರ್ಟ್‌ನ ನೂರನೆಯ ಪಂದ್ಯವಾಗಬೇಕಾಗಿತ್ತು, ತೊಂಬತ್ತೊಂಬತ್ತಕ್ಕೇ ನಿಂತಿತು.

ಟಿರೆಲ್ 1997ರಲ್ಲಿ ತಂಡವನ್ನು ಮಾರಿದ; 2001ರಲ್ಲಿ ತೀರಿಕೊಂಡ. ಅವನ ಮರದ ಕೊಟ್ಟಿಗೆಯನ್ನು ಈಚೆಗೆ ಬಿಚ್ಚಿ ಗುಡ್‌ವುಡ್‌ಗೆ ಸಾಗಿಸಿ, ಅಲ್ಲಿ ಮತ್ತೆ ನಿಲ್ಲಿಸಿ ಕಾಪಾಡಿದ್ದಾರೆ. ಶಿಷ್ಯನಿಂದ ಸೋಲುವುದನ್ನು ಗುರು ಬಯಸಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಟಿರೆಲ್ ಆ ಮಾತಿಗೆ ತಕ್ಕವನೇ. ತನ್ನ ಮಿತಿಯನ್ನರಿತು, ತನ್ನನ್ನು ಮೀರುವವರನ್ನೇ ಅರಸಿದವನು. ಆದರೆ ಅವನ ಚರಿತ್ರೆ ಅದಕ್ಕೆ ಇನ್ನೊಂದು ಮಾತನ್ನು ಸೇರಿಸುತ್ತದೆಂದು ನನಗೆ ತೋರುತ್ತದೆ. ಹುಡುಗನ ವೇಗವನ್ನು ಗುರುತಿಸುವುದು ಗುರುವಿನ ಅರ್ಧ ಕೆಲಸ ಮಾತ್ರ. ಅತ್ಯಂತ ವೇಗವಾಗಿ ಹೋಗಬಲ್ಲವನನ್ನೇ ಕರೆದು ನಿಲ್ಲಿಸಿ, ಅವಸರ ಬೇಡವೆಂದು ಹೇಳುವುದು ಉಳಿದ ಅರ್ಧ. ಅಂದು ಗುಡ್‌ವುಡ್‌ನಲ್ಲಿ ಆ ಮಾತು ಕೇಳಿಸಿಕೊಂಡ ಹುಡುಗ, ಜೊತೆಯವರು ಹಲವರು ಅಳಿದ ಆ ಕಾಲವನ್ನು ದಾಟಿ ಮುಪ್ಪನ್ನು ಕಂಡ. ಮೂರು ವಿಶ್ವಪಟ್ಟಗಳಿಗಿಂತ ಆ ಗರಡಿಗೆ ಇದೇ ದೊಡ್ಡ ಗೌರವ.